ಎಣ್ಣೆ ಡಬ್ಬದ ವೇದಿಕೆ: ಮೆಟಲ್ ಸಂಗೀತ ಕಚೇರಿಯ ಚಿತ್ರ ತೆಗೆಯಲು ಮನೆಯಲ್ಲೇ ಕಟ್ಟಿಕೊಂಡ ಅಭ್ಯಾಸದ ರಂಗ

ಹೆವಿ ಮೆಟಲ್ ಎಂಬ ಅಬ್ಬರದ ರಾಕ್ ಸಂಗೀತದ ದೊಡ್ಡ ಕಚೇರಿಗಳಲ್ಲಿ ಛಾಯಾಗ್ರಾಹಕರನ್ನು ವೇದಿಕೆಗೂ ಜನರನ್ನು ತಡೆಯುವ ಬೇಲಿಗೂ ನಡುವಿನ ಓಣಿಗೆ, ಅಂದರೆ ಪಿಟ್‌ಗೆ, ಬಿಡುವುದು ಸಾಮಾನ್ಯವಾಗಿ ಮೊದಲ ಮೂರು ಹಾಡುಗಳಿಗೆ ಮಾತ್ರ. ಅದೂ ಫ್ಲ್ಯಾಶ್ ಬಳಸಬಾರದೆಂಬ ಷರತ್ತಿನ ಮೇಲೆ. ಮೂರು ಹಾಡು ಎಂದರೆ ಹೆಚ್ಚೆಂದರೆ ಹದಿನೈದು ನಿಮಿಷ. ಆ ಹದಿನೈದು ನಿಮಿಷದಲ್ಲಿ ಬೆಳಕು ಕೆಂಪಿನಿಂದ ನೀಲಿಗೆ, ನೀಲಿಯಿಂದ ಕತ್ತಲೆಗೆ, ಕತ್ತಲೆಯಿಂದ ಕಣ್ಣು ಕೋರೈಸುವ ಬಿಳಿಗೆ ಹಾರುತ್ತಿರುತ್ತದೆ, ಗಿಟಾರ್ ಹಿಡಿದವರ ತಲೆ ಒಂದು ಕ್ಷಣವೂ ನಿಂತಿರುವುದಿಲ್ಲ. ಸಂಗೀತಗಾರರು ಆ ಹಾಡುಗಳನ್ನು ನೂರಾರು ಸಲ ಸಾಧನೆ ಮಾಡಿಯೇ ವೇದಿಕೆ ಹತ್ತಿರುತ್ತಾರೆ. ಅವರ ಚಿತ್ರ ತೆಗೆಯುವ ನಾನು ಮಾತ್ರ ಯಾವ ಸಾಧನೆಯೂ ಇಲ್ಲದೆ ಅವರ ಎದುರು ನಿಲ್ಲುವುದು ಸರಿಯಲ್ಲ ಎಂದು ಅನ್ನಿಸಿದ್ದೇ ಈ ಕೆಲಸದ ಮೂಲ.

2007ರ ಮಾರ್ಚ್ 17ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಬ್ರಿಟನ್ನಿನ ಮೆಟಲ್ ತಂಡ ಐರನ್ ಮೇಡನ್ ನುಡಿಸಿದಾಗ ನಾನು ಜನರ ನಡುವೆ ಬರಿಗೈಯಲ್ಲಿ ನಿಂತಿದ್ದೆ. 2011ರ ಅಕ್ಟೋಬರ್ 30ರಂದು ಅದೇ ಮೈದಾನಕ್ಕೆ ಅಮೆರಿಕದ ಮೆಟಾಲಿಕಾ ತಂಡ ಬಂದಾಗಲೂ ಅಷ್ಟೆ. ಕ್ಯಾಮೆರಾ ಹಿಡಿದದ್ದು ಆಮೇಲೆ, ನಗರದ ಪಬ್‌ಗಳಲ್ಲಿ ನಮ್ಮೂರಿನ ತಂಡಗಳು ನುಡಿಸುವ ಸಣ್ಣ ಶೋಗಳಲ್ಲಿ. ಅಂಥ ಒಂದು ಶೋದಿಂದ ಹಿಂದಿರುಗಿ ಕಂಪ್ಯೂಟರಿನಲ್ಲಿ ನೋಡಿದಾಗ, ತೆಗೆದ 380 ಚಿತ್ರಗಳಲ್ಲಿ ಮುಕ್ಕಾಲು ಪಾಲಿನಲ್ಲಿ ಹಾಡುಗಾರನ ಮುಖ ಕುಂಕುಮ ಮೆತ್ತಿದಂತೆ ಒಂದೇ ಕೆಂಪು ಮುದ್ದೆಯಾಗಿತ್ತು. ಕಣ್ಣು, ಮೂಗು, ಬೆವರು ಯಾವುದೂ ಬೇರೆಯಾಗಿ ಕಾಣುತ್ತಿರಲಿಲ್ಲ. ಇನ್ನು ಕೆಲವಕ್ಕೆ ಅಡ್ಡಡ್ಡಲಾಗಿ ಕಪ್ಪು ಪಟ್ಟಿ ಬಿದ್ದಿತ್ತು. ಕ್ಯಾಮೆರಾದ ಬೆಳಕು ಅಳೆಯುವ ಮೀಟರ್ ಮಾತ್ರ ಇಡೀ ಸಂಜೆ ಎಲ್ಲವೂ ಸರಿಯಿದೆ ಎಂದೇ ತೋರಿಸಿತ್ತು. ಈ ಎರಡು ದೋಷಗಳನ್ನು ಮನೆಯಲ್ಲಿಯೇ ಬೇಕೆಂದಾಗ ಹುಟ್ಟಿಸಿ, ಬೇಕೆಂದಾಗ ನಿಲ್ಲಿಸಿ ನೋಡಲು ಸಾಧ್ಯವಾದರೆ ಅವುಗಳ ಬೇರು ಸಿಕ್ಕೀತು ಎಂದು ತಾರಸಿಯ ಮೇಲಿನ ಖಾಲಿ ಕೋಣೆಯಲ್ಲಿ ಒಂದು ಪುಟ್ಟ ವೇದಿಕೆಯನ್ನು ಕಟ್ಟಲು ತೊಡಗಿದೆ.

ದೀಪಗಳು

ಹಿಂದಿನ ಕಾಲದ ರಾಕ್ ವೇದಿಕೆಗಳನ್ನು ಬೆಳಗುತ್ತಿದ್ದದ್ದು ಪಾರ್ 64 ಎಂಬ ದೀಪ. 64 ಎಂದರೆ ಅಂಗುಲದ ಎಂಟನೆಯ ಒಂದು ಭಾಗದ ಲೆಕ್ಕದಲ್ಲಿ ಅದರ ವ್ಯಾಸ, ಅಂದರೆ ಎಂಟು ಅಂಗುಲ. ಒಳಗಿನ ಸಾವಿರ ವ್ಯಾಟಿನ ತಂತಿ ಎಲ್ಲ ಬಣ್ಣಗಳನ್ನೂ ಸೂಸುತ್ತಿತ್ತು, ಮುಂದೆ ಹಾಕಿದ ಬಣ್ಣದ ಹಾಳೆ ಬೇಡದ್ದನ್ನು ತಡೆಯುತ್ತಿತ್ತು. ಹಾಳೆ ಎಷ್ಟೇ ಗಾಢವಾಗಿದ್ದರೂ ಅಕ್ಕಪಕ್ಕದ ಬಣ್ಣಗಳು ಸ್ವಲ್ಪ ಸೋರುತ್ತಿದ್ದವು, ಆ ಸೋರಿಕೆಯೇ ಮುಖಕ್ಕೆ ಜೀವ ಕೊಡುತ್ತಿತ್ತು. ಈಗಿನ ಸಣ್ಣ ವೇದಿಕೆಗಳಲ್ಲಿ ಇರುವುದು ಎಲ್‌ಇಡಿ ಪಾರ್. ಅದರ ಕೆಂಪು ಸುಮಾರು 625 ನ್ಯಾನೊಮೀಟರಿನ ಸುತ್ತ, ನೀಲಿ ಸುಮಾರು 465ರ ಸುತ್ತ ಇಕ್ಕಟ್ಟಾಗಿ ನಿಂತಿರುತ್ತದೆ, ಬೇರೆ ಏನೂ ಸೋರುವುದಿಲ್ಲ. ಹಾಗಾಗಿ ನನಗೆ ಬೇಕಾಗಿದ್ದದ್ದು ಎಲ್‌ಇಡಿಯೇ, ಅದರಲ್ಲೂ ಅಗ್ಗದ್ದೇ.

ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಐದು ಮೀಟರ್ ಉದ್ದದ, ಮೀಟರಿಗೆ 60 ದೀಪಗಳಿರುವ, 12 ವೋಲ್ಟಿನ ಮೂರು ಬಣ್ಣದ ಎಲ್‌ಇಡಿ ಪಟ್ಟಿಯ ಒಂದು ಸುರುಳಿ, ಮನೆಯ ವಿದ್ಯುತ್ತನ್ನು ಅದಕ್ಕೆ ತಕ್ಕಂತೆ ಇಳಿಸುವ 12 ವೋಲ್ಟ್ 10 ಆಂಪಿಯರಿನ ಒಂದು ಎಸ್‌ಎಂಪಿಎಸ್, ದೀಪಗಳನ್ನು ನಿಯಂತ್ರಿಸಲು ಆರ್ಡುಯಿನೊ ಊನೊ ಎಂಬ ಪುಟ್ಟ ಕಂಪ್ಯೂಟರ್ ಹಲಗೆ ಮತ್ತು ಅದರ ಆಣತಿಯಂತೆ ವಿದ್ಯುತ್ತನ್ನು ಬಿಟ್ಟು ತಡೆಯುವ ಸ್ವಿಚ್ಚುಗಳಾಗಿ ಐಆರ್‌ಎಲ್‌ಝೆಡ್44ಎನ್ ಎಂಬ ಮೂರು ಮಾಸ್‌ಫೆಟ್‌ಗಳನ್ನು ಕೊಂಡೆ. ಈ ಮಾಸ್‌ಫೆಟ್ಟನ್ನೇ ಕೇಳಿ ತರಬೇಕು. ಹೆಸರಿನಲ್ಲಿ ಎಲ್ ಇಲ್ಲದ ಐಆರ್‌ಎಫ್ ಸರಣಿಯವು ಆರ್ಡುಯಿನೊ ಕೊಡುವ ಐದು ವೋಲ್ಟಿಗೆ ಪೂರ್ತಿ ತೆರೆದುಕೊಳ್ಳುವುದಿಲ್ಲ. ಪಟ್ಟಿ ಪೂರ್ತಿ ಉರಿದಾಗ ಮೀಟರಿಗೆ 14.4 ವ್ಯಾಟ್ ಎಳೆಯುತ್ತದೆ, ಐದು ಮೀಟರಿಗೆ 72 ವ್ಯಾಟ್, ಅಂದರೆ ಆರು ಆಂಪಿಯರ್. ಎಸ್‌ಎಂಪಿಎಸ್‌ಗೆ ಇದು ನಿರಾಯಾಸದ ಹೊರೆ.

ದೀಪದ ಗೂಡಿಗೆ ಬಳಸಿದ್ದು ಹದಿನೈದು ಕಿಲೋದ ಅಡುಗೆ ಎಣ್ಣೆಯ ಖಾಲಿ ಡಬ್ಬಗಳು. ಬೀದಿ ಕೊನೆಯ ತಿಂಡಿ ಅಂಗಡಿಯಲ್ಲಿ ನಾಲ್ಕು ಸಿಕ್ಕವು. ಸೀಗೆಪುಡಿ ಹಾಕಿ ಎರಡು ಸಲ ತಿಕ್ಕಿ ತೊಳೆದು, ಒಣಗಿಸಿ, ಒಂದು ಬದಿಯನ್ನು ಕತ್ತರಿಸಿ, ಒಳಗೆಲ್ಲ ಹೊಳಪಿಲ್ಲದ ಕಪ್ಪು ಬಣ್ಣ ಬಳಿದೆ. ತಳಕ್ಕೆ ಒಂದು ಅಲ್ಯೂಮಿನಿಯಂ ತಗಡನ್ನು ಸ್ಕ್ರೂ ಹಾಕಿ ಕೂರಿಸಿ, ಅದರ ಮೇಲೆ 20 ಸೆಂಟಿಮೀಟರ್ ಉದ್ದದ ಆರು ಪಟ್ಟಿಗಳನ್ನು ಸಾಲಾಗಿ ಅಂಟಿಸಿದೆ. ಒಂದು ಡಬ್ಬಕ್ಕೆ 72 ದೀಪ. ಎಲ್‌ಇಡಿ ಪಟ್ಟಿಯ ಬೆಳಕು ಎಲ್ಲ ಕಡೆಗೂ ಹರಡುವ ಸ್ವಭಾವದ್ದು. ಡಬ್ಬದ ಆಳವೇ ಅದನ್ನು ಒಂದು ದಿಕ್ಕಿಗೆ ಕಟ್ಟಿಹಾಕುತ್ತದೆ. ನಿಜವಾದ ಪಾರ್ ದೀಪದಷ್ಟು ಚೂಪಾದ ಕಿರಣ ಬರಲಿಲ್ಲ, ಆದರೆ ಗೋಡೆಯ ಮೇಲೆ ಬೆಳಕು ಚೆಲ್ಲುವುದು ನಿಂತಿತು, ನನಗೆ ಬೇಕಾದದ್ದು ಅಷ್ಟೆ. ಮೂರು ಡಬ್ಬಗಳನ್ನು ವೇದಿಕೆಯ ಹಿಂಭಾಗದಲ್ಲಿ ಎತ್ತರಕ್ಕೆ, ಪಿವಿಸಿ ಪೈಪಿನ ಚೌಕಟ್ಟಿಗೆ ಕಟ್ಟಿದೆ. ಒಂದನ್ನು ಮಾತ್ರ ಮುಂದೆ ಎಡಪಕ್ಕದಲ್ಲಿಟ್ಟೆ. ಮೆಟಲ್ ವೇದಿಕೆಯ ಬೆಳಕು ಬಹುಪಾಲು ಹಿಂದಿನಿಂದಲೇ ಬರುತ್ತದೆ, ಮುಖಕ್ಕೆ ಸಿಗುವುದು ಅಲ್ಪ. ಈ ಅನುಪಾತವನ್ನು ಬದಲಾಯಿಸಿದರೆ ಅಭ್ಯಾಸಕ್ಕೆ ಅರ್ಥವೇ ಇಲ್ಲ.

ಮೊದಲ ಸಲ ಸ್ವಿಚ್ ಹಾಕಿದಾಗ ಆರ್ಡುಯಿನೊ ಎಚ್ಚರಗೊಳ್ಳುವ ಮುನ್ನವೇ ಡಬ್ಬಗಳು ಗೊತ್ತುಗುರಿಯಿಲ್ಲದೆ ಮಿನುಗಿದವು. ಮಾಸ್‌ಫೆಟ್ಟಿನ ಗೇಟ್, ಅಂದರೆ ಆಣತಿ ಪಡೆಯುವ ಕಾಲು, ಆ ಹೊತ್ತಿನಲ್ಲಿ ಯಾವುದಕ್ಕೂ ಕಟ್ಟಿಲ್ಲದೆ ತೇಲುತ್ತಿರುತ್ತದೆ, ಬೆರಳು ಹತ್ತಿರ ತಂದರೂ ಅದು ಅರೆತೆರೆಯುತ್ತದೆ. ಪ್ರತಿ ಗೇಟಿನಿಂದ ನೆಲದ (ಗ್ರೌಂಡ್) ತಂತಿಗೆ ಹತ್ತು ಕಿಲೋ ಓಮ್‌ನ ಒಂದೊಂದು ರೆಸಿಸ್ಟರ್ ಬೆಸುಗೆ ಹಾಕಿದ ಮೇಲೆ ಆ ಚಂಚಲತೆ ಹೋಯಿತು. ಆರ್ಡುಯಿನೊದ ನೆಲದ ತಂತಿಯನ್ನೂ ಎಸ್‌ಎಂಪಿಎಸ್‌ನ ನೆಲದ ತಂತಿಯನ್ನೂ ಒಂದೇ ಕಡೆ ಸೇರಿಸಲು ಮರೆಯಬಾರದು.

ಕಪ್ಪು ಪಟ್ಟಿಯ ಬೇರು

ಇಂಥ ದೀಪಗಳಲ್ಲಿ ಎಲ್‌ಇಡಿಯನ್ನು ಮಂದ ಮಾಡುವುದೆಂದರೆ ಅದಕ್ಕೆ ಕಡಿಮೆ ವಿದ್ಯುತ್ ಕೊಡುವುದಲ್ಲ, ಅದನ್ನು ಬೇಗಬೇಗ ಹೊತ್ತಿಸಿ ಆರಿಸುವುದು. ಆರ್ಡುಯಿನೊದ 9, 10 ಮತ್ತು 11ನೆಯ ಪಿನ್ನುಗಳು ತಮ್ಮ ಪಾಡಿಗೆ ಬಿಟ್ಟರೆ ಸೆಕೆಂಡಿಗೆ ಸುಮಾರು 490 ಸಲ ಹೀಗೆ ಮಾಡುತ್ತವೆ. ಅಂದರೆ ಒಂದು ಹೊತ್ತು-ಆರು ಮುಗಿಯಲು ಎರಡು ಮಿಲಿಸೆಕೆಂಡಿಗಿಂತ ತುಸು ಹೆಚ್ಚು. ಕಣ್ಣಿಗೆ ಇದು ತಿಳಿಯುವುದೇ ಇಲ್ಲ. ನನ್ನ ಕ್ಯಾಮೆರಾ ನಿಕಾನ್ ಡಿ7200. ಅದರ ಶಟರ್ ಎಂದರೆ ಒಂದರ ಹಿಂದೊಂದು ಓಡುವ ಎರಡು ಪರದೆಗಳು. 1/250 ಸೆಕೆಂಡಿಗಿಂತ ವೇಗ ಹೆಚ್ಚಾದಾಗ ಎರಡನೆಯ ಪರದೆ ಮೊದಲನೆಯದರ ಬೆನ್ನಿಗೇ ಹೊರಟು, ಸೆನ್ಸರಿನ ಮೇಲೆ ಒಂದು ಸೀಳು ಮಾತ್ರ ಸಾಗುತ್ತದೆ. 1/1000ರಲ್ಲಿ ಪ್ರತಿ ಸಾಲಿಗೂ ಸಿಗುವುದು ಒಂದು ಮಿಲಿಸೆಕೆಂಡಿನ ಬೆಳಕು. ಆ ಒಂದು ಮಿಲಿಸೆಕೆಂಡಿನಲ್ಲಿ ದೀಪ ಆರಿದ್ದರೆ ಆ ಸಾಲು ಕಪ್ಪು.

ಕೆಂಪನ್ನು ಮುಕ್ಕಾಲು ಪಾಲಿಗೂ ನೀಲಿಯನ್ನು ಕಾಲು ಪಾಲಿಗೂ ಇಟ್ಟು 1/1000ರಲ್ಲಿ ಗೋಡೆಯ ಚಿತ್ರ ತೆಗೆದಾಗ ಪಬ್ಬಿನಲ್ಲಿ ಕಂಡಂಥ ಪಟ್ಟಿಯೇ ಇಲ್ಲಿಯೂ ಬಂತು, ಕೆಂಪು ಆರುವ ಹೊತ್ತು ಕಡಿಮೆಯಿದ್ದದ್ದರಿಂದ ಕಪ್ಪಿನ ಬದಲು ಮಂದವಾಗಿ. ಮನೆಯಲ್ಲಿ ನಿಧಾನವಾಗಿ ನೋಡಿದ್ದರಿಂದ ಇನ್ನೊಂದು ವಿವರವೂ ತಿಳಿಯಿತು: ಬೆಳಗಿದ ಪಟ್ಟಿಯ ನಡು ನೇರಳೆ, ಅಂಚುಗಳು ಬರಿಯ ಕೆಂಪು. ನೀಲಿಯ ಮಿನುಗು ಗಿಡ್ಡ, ಕೆಂಪಿನದು ಉದ್ದ, ಎರಡರ ನಡುವೂ ಒಂದೇ ಕ್ಷಣಕ್ಕೆ ಬೀಳುವುದರಿಂದ ಹೀಗಾಗುತ್ತದೆ. ಹಿಂದಿನ ಶೋದಲ್ಲಿ ಗಿಟಾರಿನ ಕತ್ತಿನ ಮೇಲೆ ಕಂಡ ಕೆಂಪು ಅಂಚನ್ನು ನಾನು ಲೆನ್ಸಿನ ದೋಷವೆಂದು ತಿಳಿದಿದ್ದೆ. ಲೆನ್ಸಿನಲ್ಲಿ ಏನೂ ಇರಲಿಲ್ಲ. ಅದೇ ಗೋಡೆಯನ್ನು 1/500ರಲ್ಲಿ ತೆಗೆದಾಗ ಪಟ್ಟಿ ಬಹುತೇಕ ಮಾಯವಾಯಿತು, ಏಕೆಂದರೆ ಎರಡು ಮಿಲಿಸೆಕೆಂಡಿನಲ್ಲಿ ಹೆಚ್ಚುಕಡಿಮೆ ಒಂದು ಪೂರ್ತಿ ಸುತ್ತು ಅಡಗುತ್ತದೆ. 1/250ರಲ್ಲಿ ಎರಡು ಸುತ್ತು. ಫೋನಿನಲ್ಲಿ ತೆಗೆದರೆ ಮಾತ್ರ ಗೋಡೆಯ ತುಂಬ ಏಣಿಯ ಮೆಟ್ಟಿಲಿನಂತೆ ಪಟ್ಟಿಗಳು ಬಂದವು. ಅದರ ಸೆನ್ಸರ್ ಸಾಲುಸಾಲಾಗಿ ನಿಧಾನವಾಗಿ ಓದಿಕೊಳ್ಳುವುದೇ ಇದಕ್ಕೆ ಕಾರಣ. ಪರದೆಯಿಲ್ಲದೆ, ಸದ್ದಿಲ್ಲದೆ ಚಿತ್ರ ತೆಗೆಯುವ ಸೌಲಭ್ಯವಿರುವ ಹೊಸ ಕ್ಯಾಮೆರಾಗಳನ್ನು ಇಂಥ ಬೆಳಕಿನಲ್ಲಿ ಬಳಸುವವರು ಅದನ್ನು ಮೊದಲು ಹೀಗೆ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು.

ಒಳ್ಳೆಯ ದೀಪದ ವರ್ತನೆಯನ್ನೂ ನೋಡೋಣವೆಂದು ಆರ್ಡುಯಿನೊದ ಟೈಮರನ್ನು ಬದಲಿಸಿ ವೇಗವನ್ನು ಸೆಕೆಂಡಿಗೆ 31 ಸಾವಿರ ಸಲಕ್ಕೆ ಏರಿಸಿದೆ. ಪಟ್ಟಿ ಪೂರ್ತಿ ಹೋಯಿತು. ಹತ್ತು ನಿಮಿಷದಲ್ಲಿ ಬಿಸಿ ಪ್ಲಾಸ್ಟಿಕ್ಕಿನ ವಾಸನೆ ಬಂತು. ಮಾಸ್‌ಫೆಟ್ ಮುಟ್ಟಿದರೆ ಬೆರಳು ಸುಡುತ್ತಿತ್ತು, ಅದಕ್ಕೆ ಒರಗಿದ್ದ ತಂತಿಯ ಹೊದಿಕೆ ಮೆತ್ತಗಾಗಿತ್ತು. ಗೇಟಿಗೆ ನಾನು ಹಾಕಿದ್ದ 220 ಓಮ್‌ನ ರೆಸಿಸ್ಟರಿನ ಮೂಲಕ ಮಾಸ್‌ಫೆಟ್ ಪೂರ್ತಿ ತೆರೆಯಲು, ಮುಚ್ಚಲು ಕೆಲವು ಮೈಕ್ರೊಸೆಕೆಂಡ್ ಬೇಕು. ಆ ಅರೆತೆರೆದ ಸ್ಥಿತಿಯಲ್ಲಿಯೇ ಅದು ಕಾಯುವುದು. ಸೆಕೆಂಡಿಗೆ 490 ಸಲ ಹೀಗಾದರೆ ಲೆಕ್ಕಕ್ಕಿಲ್ಲ, 31 ಸಾವಿರ ಸಲವಾದರೆ ಸುಮಾರು ಎರಡು ವ್ಯಾಟ್ ಅದರ ಮೈಯಲ್ಲೇ ಉರಿಯುತ್ತದೆ. ಟೈಮರನ್ನು ಎಂಟರಿಂದ ಭಾಗಿಸಿ ವೇಗವನ್ನು 3,900ರ ಹತ್ತಿರಕ್ಕೆ ಇಳಿಸಿದೆ. ಆಗ ಮಾಸ್‌ಫೆಟ್ ಬೆಚ್ಚಗಷ್ಟೇ ಇತ್ತು, 1/1000ರಲ್ಲಿ ಪಟ್ಟಿಯೂ ಕಾಣಲಿಲ್ಲ. ಸುಟ್ಟ ತಂತಿಯನ್ನು ಬದಲಿಸಿ, ಒಂದು ಸಣ್ಣ ಸ್ವಿಚ್ ಸೇರಿಸಿದೆ. ಮೇಲೆ ಒತ್ತಿದರೆ ಒಳ್ಳೆಯ ದೀಪ, ಕೆಳಗೆ ಒತ್ತಿದರೆ ಪಬ್ಬಿನ ದೀಪ. ಅಭ್ಯಾಸಕ್ಕೆ ಹೆಚ್ಚು ಉಪಯೋಗಕ್ಕೆ ಬಂದದ್ದು ಎರಡನೆಯದು.

ಕುಣಿಯುವ ತಲೆ

ನನ್ನ ತಂಗಿಗೆ ಉದ್ದ ಕೂದಲಿದೆ, ಮೆಟಲ್ ಸಂಗೀತವೂ ಇಷ್ಟ. ಮೊದಲ ದಿನ ಅವಳೇ ವೇದಿಕೆಯಲ್ಲಿ ನಿಂತು ತಲೆ ಬೀಸಿದಳು. ಇಪ್ಪತ್ತು ನಿಮಿಷಕ್ಕೆ, "ಅಣ್ಣ, ಕತ್ತು ಹಿಡ್ಕೊಳ್ತಿದೆ, ಇನ್ನು ಆಗಲ್ಲ" ಎಂದು ಕುಳಿತಳು. ಅವಳನ್ನು ನೋಯಿಸಿ ಅಭ್ಯಾಸ ಮಾಡುವುದು ನನಗೂ ಬೇಡವಾಗಿತ್ತು. ತಲೆ ಬೀಸುವುದರಿಂದ ಕತ್ತಿಗೆ ಆಗುವ ಅಪಾಯದ ಬಗ್ಗೆ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ 2008ರಲ್ಲಿ ಒಂದು ಅಧ್ಯಯನ ಬಂದಿತ್ತು. ಜನ ತಲೆ ಬೀಸುವ ಹಾಡುಗಳ ಸರಾಸರಿ ಗತಿ ನಿಮಿಷಕ್ಕೆ ಸುಮಾರು 146 ಪೆಟ್ಟು ಎಂದು ಅದರಲ್ಲಿತ್ತು. ಎರಡು ಪೆಟ್ಟಿಗೆ ಒಂದು ಸಲ ತಲೆ ಹೋಗಿಬಂದರೆ ನಿಮಿಷಕ್ಕೆ 73 ಸಲ. ಕಾರಿನ ವೈಪರ್ ಜೋರಾಗಿ ಓಡಿದಾಗ ನಿಮಿಷಕ್ಕೆ ಸುಮಾರು 65 ಸಲ ಬೀಸುತ್ತದೆ. ಎರಡೂ ಇಷ್ಟು ಹತ್ತಿರವಿರುವುದನ್ನು ಕಂಡು ವಾಹನದ ಬಿಡಿಭಾಗ ಸಿಗುವ ಜೆ.ಸಿ. ರಸ್ತೆಗೆ ಹೋಗಿ, ಹಳೆಯ ಕಾರಿನಿಂದ ಬಿಚ್ಚಿದ ವೈಪರ್ ಮೋಟರನ್ನು ಅದರ ಸರಳುಗಳ ಸಮೇತ ತಂದೆ.

ತಲೆಗೆ ಥರ್ಮಾಕೋಲಿನ ಗುಂಡು ಸಾಕೆಂದುಕೊಂಡೆ. ಬಿಳಿಯ ತಲೆಯ ಮೇಲೆ ಬೆಳಕನ್ನು ಅಳೆದರೆ ಮುಖದ ಲೆಕ್ಕ ಸಿಗುವುದಿಲ್ಲವೆಂದು ಮನೆಯಲ್ಲಿದ್ದ ಕಂದು ಎಣ್ಣೆ ಬಣ್ಣವನ್ನು ಥಿನ್ನರಿನಲ್ಲಿ ಕಲಸಿ ಬಳಿದೆ. ಕಣ್ಣೆದುರೇ ಗುಂಡು ಕುಸಿದು ಅಂಟಾಯಿತು. ಥಿನ್ನರಿಗೆ ಥರ್ಮಾಕೋಲ್ ಕರಗುತ್ತದೆ. ಎರಡನೆಯ ಗುಂಡಿಗೆ ಮೊದಲು ಕಾಗದವನ್ನು ಮೈದಾ ಅಂಟಿನಲ್ಲಿ ಮೂರು ಪದರ ಹಚ್ಚಿ ಒಣಗಿಸಿ, ನೀರಿನಲ್ಲಿ ಕಲಸುವ ಬಣ್ಣ ಹಾಕಿ, ನಮ್ಮ ಮೈಬಣ್ಣಕ್ಕೆ ಆದಷ್ಟು ಹತ್ತಿರ ತಂದೆ. ಕೂದಲಿಗೆ ಎರಡು ಚೌರಿ. ಮೂಗನ್ನೂ ಹುಬ್ಬನ್ನೂ ಕಾಗದದಲ್ಲೇ ಎತ್ತರಿಸಿದೆ, ಏಕೆಂದರೆ ಬೆಳಕು ಪಕ್ಕದಿಂದ ಬಿದ್ದಾಗ ನೆರಳು ಬೀಳಲು ಏನಾದರೂ ಬೇಕು.

ಮೋಟರನ್ನು ದೀಪದ ಎಸ್‌ಎಂಪಿಎಸ್‌ಗೇ ಕಟ್ಟಿದ್ದು ತಪ್ಪಾಯಿತು. ಮೋಟರ್ ಹೊರಡುವಾಗ ಒಮ್ಮೆಗೇ ಎಳೆಯುವ ವಿದ್ಯುತ್ತಿಗೆ ವೋಲ್ಟೇಜ್ ಕುಸಿದು ಆರ್ಡುಯಿನೊ ಪದೇ ಪದೇ ಮೊದಲಿನಿಂದ ಶುರುವಾಗುತ್ತಿತ್ತು. ಯುಪಿಎಸ್‌ನ ಹಳೆಯ 12 ವೋಲ್ಟಿನ ಬ್ಯಾಟರಿಯೊಂದನ್ನು ಮೋಟರಿಗೇ ಮೀಸಲಿಟ್ಟ ಮೇಲೆ ಸರಿಹೋಯಿತು.

ಇಲ್ಲಿಂದ ಮುಂದಿನದು ಈ ಇಡೀ ಕೆಲಸದಲ್ಲಿ ನನಗೆ ಅತಿ ಮುಖ್ಯವೆನಿಸಿದ ಭಾಗ. ವೈಪರ್ ಅತ್ತಿತ್ತ ಸೇರಿ 90 ಡಿಗ್ರಿ ಬೀಸುತ್ತದೆ. ತಲೆ ಅಚ್ಚಿನಿಂದ 25 ಸೆಂಟಿಮೀಟರ್ ದೂರದಲ್ಲಿದೆ. ಲೆಕ್ಕ ಹಾಕಿದರೆ ನಡುದಾರಿಯಲ್ಲಿ ತಲೆಯ ವೇಗ ಸೆಕೆಂಡಿಗೆ ಸುಮಾರು 1.3 ಮೀಟರ್, ಚೌರಿಯ ತುದಿಯದು ಮೂರು ಮೀಟರಿಗಿಂತ ಹೆಚ್ಚು. 1/250 ಸೆಕೆಂಡಿನಲ್ಲಿ ತಲೆ ಐದು ಮಿಲಿಮೀಟರ್ ಸರಿಯುತ್ತದೆ. 85 ಎಂಎಂ ಲೆನ್ಸಿನಿಂದ ಮೂರು ಮೀಟರ್ ದೂರದಲ್ಲಿ ತೆಗೆದಾಗ ಸೆನ್ಸರಿನ ಮೇಲೆ ಅದು ಸುಮಾರು 40 ಪಿಕ್ಸೆಲ್‌ಗಳ ಮಸುಕು. ಚಿತ್ರದಲ್ಲಿ ಅಷ್ಟೇ ಕಂಡಿತು: ಕಣ್ಣಿನ ಜಾಗದಲ್ಲಿ ಒಂದು ಗೆರೆ. ಇದನ್ನು ಹತ್ತು ಪಿಕ್ಸೆಲ್‌ಗೆ ಇಳಿಸಬೇಕಾದರೆ 1/1000ಕ್ಕೆ ಹೋಗಬೇಕು, ಅಂದರೆ ಬೆಳಕು ಕಾಲು ಪಾಲಿಗೆ ಇಳಿಯುತ್ತದೆ, ಜೊತೆಗೆ ಪಬ್ಬಿನ ದೀಪದ ಕಪ್ಪು ಪಟ್ಟಿಯೂ ಬರುತ್ತದೆ. ವೇಗ ಹೆಚ್ಚಿಸುವ ದಾರಿ ಎರಡೂ ಕಡೆಯಿಂದ ಮುಚ್ಚಿತ್ತು.

ಆದರೆ ಬೀಸುವ ತಲೆ ಎರಡೂ ತುದಿಗಳಲ್ಲಿ ತಿರುಗುವ ಮುನ್ನ ನಿಲ್ಲಲೇಬೇಕು. ತಿರುವಿನ ಕ್ಷಣದಿಂದ ಇಪ್ಪತ್ತು ಮಿಲಿಸೆಕೆಂಡ್ ಆಚೆಗೂ ಅದರ ವೇಗ ನಡುದಾರಿಯ ವೇಗದ ಏಳನೆಯ ಒಂದು ಭಾಗವನ್ನು ದಾಟುವುದಿಲ್ಲ, ಆಗ 1/250ರಲ್ಲಿಯೂ ಮಸುಕು ಐದಾರು ಪಿಕ್ಸೆಲ್ ಮಾತ್ರ. ಕೂದಲು ಮಾತ್ರ ತಲೆ ನಿಂತ ಮೇಲೂ ಹಾರುತ್ತಲೇ ಇರುತ್ತದೆ. ಹಾಗಾಗಿ ತಿರುವಿನಲ್ಲಿ ತೆಗೆದ ಚಿತ್ರದಲ್ಲಿ ಮುಖ ಚೂಪಾಗಿ, ಕೂದಲು ಬೀಸಿದ ಬಲೆಯಂತೆ ಹರಡಿ ಸಿಗುತ್ತದೆ, ಮೆಟಲ್ ಚಿತ್ರಕ್ಕೆ ಬೇಕಾದದ್ದು ಇದೇ. ಗುಂಡಿ ಒತ್ತಿದ ಮೇಲೆ ಶಟರ್ ತೆರೆಯಲು ತುಸು ಹೊತ್ತು ಹಿಡಿಯುವುದರಿಂದ ತಿರುವನ್ನು ಕಂಡು ಒತ್ತಿದರೆ ತಡವಾಗುತ್ತದೆ. ಅದಕ್ಕೆ ಮೊದಲೇ ಒತ್ತಬೇಕು. ಚಿಕ್ಕಂದಿನಲ್ಲಿ ಸಂಗೀತ ಪಾಠದಲ್ಲಿ ಕೈಯಲ್ಲಿ ತಾಳ ಹಾಕುವಾಗ ಪೆಟ್ಟಿನ ನಂತರ ಅಂಗೈ ಮೇಲಾಗಿ ಬೀಸುವ ಹುಸಿಯನ್ನು ಪೆಟ್ಟಿನಷ್ಟೇ ನಿಖರವಾಗಿ ಎಣಿಸಲು ಮೇಷ್ಟ್ರು ಕಲಿಸಿದ್ದರು. ಆ ಎಣಿಕೆ ಇಲ್ಲಿ ನೆರವಾಯಿತು. ಕಾಲಿನಲ್ಲಿ ಪೆಟ್ಟು ಹಿಡಿದು, ತಲೆ ಇನ್ನೂ ಕೆಳಗಿಳಿಯುತ್ತಿರುವಾಗಲೇ ಒತ್ತಬೇಕು. ಮೊದಲ ದಿನ 40 ಚಿತ್ರಗಳಲ್ಲಿ 9 ಚೂಪಾಗಿ ಬಂದವು. ಎರಡು ವಾರ ಪ್ರತಿ ರಾತ್ರಿ ಅರ್ಧ ಗಂಟೆ ಕೂತ ಮೇಲೆ 40ಕ್ಕೆ 27.

ಕೆಂಪು

ಕೆಂಪಿನ ವಿಷಯವನ್ನು ಬಿಡಿಸಿಕೊಳ್ಳಲು ಮೂರು ರಾತ್ರಿ ಬೇಕಾಯಿತು. ಸೆನ್ಸರಿನ ನಾಲ್ಕು ಪಿಕ್ಸೆಲ್‌ಗಳಲ್ಲಿ ಎರಡರ ಮೇಲೆ ಹಸಿರು, ಒಂದರ ಮೇಲೆ ಕೆಂಪು, ಒಂದರ ಮೇಲೆ ನೀಲಿ ಗಾಜಿರುತ್ತದೆ. ಬರಿಯ ಕೆಂಪು ಬೆಳಕಿನಲ್ಲಿ 24 ಮೆಗಾಪಿಕ್ಸೆಲ್‌ನ ಕ್ಯಾಮೆರಾದಲ್ಲಿ ನಿಜವಾಗಿ ದುಡಿಯುವುದು ಆರು ಮೆಗಾಪಿಕ್ಸೆಲ್. ಉಳಿದವು ಹೆಚ್ಚುಕಡಿಮೆ ಕತ್ತಲೆಯಲ್ಲಿರುತ್ತವೆ. ಅವೆಲ್ಲವನ್ನೂ ಸೇರಿಸಿದ ಒಟ್ಟು ಹಿಸ್ಟೋಗ್ರಾಂ, ಅಂದರೆ ಬೆಳಕಿನ ಹಂಚಿಕೆ ತೋರಿಸುವ ನಕ್ಷೆ, ಚಿತ್ರ ಮಬ್ಬಾಗಿದೆ ಎನ್ನುತ್ತದೆ, ನಾವು ಬೆಳಕು ಹೆಚ್ಚಿಸುತ್ತೇವೆ, ಕೆಂಪು ಪಿಕ್ಸೆಲ್‌ಗಳು ಅಷ್ಟರಲ್ಲಿ ತುಂಬಿ ತುಳುಕಿರುತ್ತವೆ. ತುಂಬಿದ ಮೇಲೆ ಮೂಗಿಗೂ ಕೆನ್ನೆಗೂ ವ್ಯತ್ಯಾಸವಿಲ್ಲ. ಸಾಲದ್ದಕ್ಕೆ ಮನುಷ್ಯರ ಚರ್ಮ ಕೆಂಪನ್ನು ಚೆನ್ನಾಗಿ ಪ್ರತಿಫಲಿಸುತ್ತದೆ, ನೀಲಿಯನ್ನು ಬಹಳ ಕಡಿಮೆ. ಆದ್ದರಿಂದ ಮೀಟರ್ ಒಂದೇ ಅಂಕ ತೋರಿಸಿದರೂ ಕೆಂಪಿನಲ್ಲಿ ಮುಖ ಸುಟ್ಟುಹೋಗುತ್ತದೆ, ನೀಲಿಯಲ್ಲಿ ಮುಳುಗಿಹೋಗುತ್ತದೆ.

ಡಬ್ಬಗಳನ್ನು ಕೆಂಪಿಗಿಟ್ಟು, ತಲೆಯನ್ನು ನಿಲ್ಲಿಸಿ, ಐಎಸ್‌ಒ (ಸೆನ್ಸರಿನ ಬೆಳಕಿನ ಸೂಕ್ಷ್ಮತೆ) 6400, ಲೆನ್ಸಿನ ತೆರವು ಎಫ್ 2 ಇಟ್ಟು, ಮೀಟರ್ ಹೇಳಿದ ವೇಗದಿಂದ ಶುರುಮಾಡಿ ಮೂರನೆಯ ಒಂದು ಸ್ಟಾಪ್‌ನಂತೆ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧ) ಇಳಿಯುತ್ತಾ ಬಂದೆ. ಮೂರು ಬಣ್ಣಗಳ ಹಿಸ್ಟೋಗ್ರಾಂಗಳನ್ನು ಬೇರೆಬೇರೆಯಾಗಿ ತೋರಿಸುವ ಪರದೆಯನ್ನು ತೆರೆದಿಟ್ಟುಕೊಂಡೆ. ಮೀಟರಿಗಿಂತ ನಾಲ್ಕು ಹೆಜ್ಜೆ, ಅಂದರೆ ಒಂದೂ ಮೂರನೆಯ ಒಂದು ಸ್ಟಾಪ್, ಕೆಳಗೆ ಬಂದಾಗ ಕೆನ್ನೆಯ ಮೇಲಿನ ನೆರಳು ಹಿಂದಿರುಗಿತು. ಇಲ್ಲಿ ಇನ್ನೊಂದು ತೊಡಕಿದೆ. ಕ್ಯಾಮೆರಾ ತೋರಿಸುವ ಹಿಸ್ಟೋಗ್ರಾಂ ಸೆನ್ಸರ್ ಕೊಟ್ಟ ಹಸಿ ಮಾಹಿತಿಯಾದ ರಾ ಫೈಲಿನದಲ್ಲ, ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣಕ್ಕೆ ತಕ್ಕ ಹೊಂದಿಕೆ) ಹಾಕಿದ ಮೇಲಿನ ಜೆಪೆಗ್‌ನದು. ಹಗಲು ಬೆಳಕಿನ ವೈಟ್ ಬ್ಯಾಲೆನ್ಸಿನಲ್ಲಿ ಕೆಂಪನ್ನು ಎರಡರಷ್ಟರ ಹತ್ತಿರಕ್ಕೆ ಹಿಗ್ಗಿಸಲಾಗುತ್ತದೆ, ಹಾಗಾಗಿ ರಾ ಫೈಲಿನಲ್ಲಿ ಇನ್ನೂ ಜಾಗವಿದ್ದಾಗಲೇ ಪರದೆ ತುಂಬಿದೆ ಎನ್ನುತ್ತದೆ. ವೈಟ್ ಬ್ಯಾಲೆನ್ಸನ್ನು ಡಿ7200ರ ಕನಿಷ್ಠವಾದ 2500 ಕೆಲ್ವಿನ್‌ಗೆ ಇಳಿಸಿದರೆ ಆ ಹಿಗ್ಗು ಬಹಳ ಕಡಿಮೆಯಾಗಿ ಪರದೆ ಸತ್ಯಕ್ಕೆ ಹತ್ತಿರ ಬರುತ್ತದೆ. ಚಿತ್ರ ಪರದೆಯಲ್ಲಿ ನೀಲಿಗಟ್ಟಿ ಕಾಣಿಸಿದರೂ ಚಿಂತೆಯಿಲ್ಲ, ರಾ ಫೈಲಿನಲ್ಲಿ ಆಮೇಲೆ ಸರಿಪಡಿಸಬಹುದು. ಹಳೆಯ ಶೋದ ಹಾಳಾದ ಫೈಲುಗಳನ್ನೂ ಮತ್ತೆ ತೆರೆದು, ಹಸಿರು ಪಿಕ್ಸೆಲ್‌ಗಳಿಗೆ ಅಷ್ಟಿಷ್ಟು ತಾಕಿದ್ದ ಕೆಂಪನ್ನೇ ಆಧಾರ ಮಾಡಿಕೊಂಡು ಕಪ್ಪುಬಿಳುಪಿಗೆ ತಿರುಗಿಸಿದಾಗ ಹನ್ನೆರಡು ಚಿತ್ರಗಳು ಕಾಳುಕಾಳಾಗಿಯಾದರೂ ಬದುಕಿದವು.

ಹೊಗೆಗೆ ಯಂತ್ರ ಕೊಳ್ಳಲಿಲ್ಲ. ಅಮ್ಮ ಶುಕ್ರವಾರಕ್ಕೆಂದು ಇಟ್ಟಿದ್ದ ಸಾಂಬ್ರಾಣಿಯನ್ನೇ ಕೆಂಡದ ಮೇಲೆ ಹಾಕಿದೆವು. ಕಿರಣಗಳು ಕಂಡವು, ಹಿಂಬೆಳಕಿಗೆ ಮುಖದ ಕಪ್ಪು ತಿಳಿಯಾಗುವುದೂ ಕಂಡಿತು. ಆದರೆ ಧೂಪದ ಹೊಗೆಯ ಕಣಗಳು ಬಲು ಸಣ್ಣವು, ನೀಲಿಯನ್ನು ಹೆಚ್ಚು ಚದುರಿಸುತ್ತವೆ, ಕೆಂಪು ಕಿರಣ ಅದರಲ್ಲಿ ಸರಿಯಾಗಿ ಕಾಣುವುದಿಲ್ಲ. ಲೆನ್ಸಿನ ಗಾಜಿಗೂ ಜಿಡ್ಡು ಹಿಡಿಯಿತು. ಎರಡು ದಿನಕ್ಕೇ ಅದನ್ನು ನಿಲ್ಲಿಸಿದೆ.

ಸ್ಟ್ರೋಬ್‌ಗೆ, ಅಂದರೆ ವೇದಿಕೆಯ ಪಟಪಟ ಮಿನುಗುವ ದೀಪಕ್ಕೆ, ಆರ್ಡುಯಿನೊದಲ್ಲಿ ನಾಲ್ಕು ಸಾಲು ಸೇರಿಸಿದರೆ ಸಾಕಾಯಿತು: ಮೂರೂ ಬಣ್ಣ ಒಟ್ಟಿಗೆ 20 ಮಿಲಿಸೆಕೆಂಡ್ ಉರಿದು 80 ಮಿಲಿಸೆಕೆಂಡ್ ಆರುವುದು, ಸೆಕೆಂಡಿಗೆ ಹತ್ತು ಸಲ. 1/250ರಲ್ಲಿ ಒಂದು ಚಿತ್ರಕ್ಕೆ ಮಿನುಗು ಸಿಗುವ ಸಾಧ್ಯತೆ ನೂರಕ್ಕೆ 24ರಷ್ಟು. ಸೆಕೆಂಡಿಗೆ ಆರು ಚಿತ್ರದ ವೇಗದಲ್ಲಿ ಹಿಡಿದರೆ ನಾಲ್ಕಕ್ಕೆ ಒಂದು ಬೆಳಗುತ್ತದೆ, ಹಾಗೆಯೇ ಬೆಳಗಿತು. ಸೆಕೆಂಡಿಗೆ ಮೂರರಿಂದ ಮೂವತ್ತರವರೆಗಿನ ಮಿನುಗು ಕೆಲವರಲ್ಲಿ ಅಪಸ್ಮಾರದ ಸೆಳವನ್ನು ಎಬ್ಬಿಸಬಲ್ಲದು, ಆದ್ದರಿಂದ ಕೋಣೆಯೊಳಗೆ ಬರುವವರನ್ನು ಕೇಳದೆ ಇದನ್ನು ಹಚ್ಚಬಾರದು.

ಪಬ್ಬಿನಲ್ಲಿ

ಆರು ವಾರಗಳ ನಂತರ ಮತ್ತೊಂದು ಸಣ್ಣ ಶೋ ಸಿಕ್ಕಿತು. ಕಿವಿಗೆ ಪ್ಲಗ್ ಹಾಕಿಕೊಂಡು ಸೌಂಡ್ ಚೆಕ್‌ನ ಹೊತ್ತಿಗೇ ಹೋಗಿ, ಹಿಂದಿನ ಎಲ್‌ಇಡಿಗಳು ಮಂದವಾಗಿ ಉರಿಯುತ್ತಿದ್ದಾಗ ಗೋಡೆಯನ್ನು 1/1000ರಲ್ಲಿ ಒಮ್ಮೆ ತೆಗೆದೆ. ಎರಡು ಕಪ್ಪು ಪಟ್ಟಿ. ಅಲ್ಲಿಗೆ ವೇಗದ ತೀರ್ಮಾನವಾಯಿತು: ಇಡೀ ಸಂಜೆ 1/250, ಡ್ರಮ್ಮಿಗೆ ಮಾತ್ರ 1/500. 85 ಎಂಎಂ ಲೆನ್ಸ್ ಎಫ್ 2ರಲ್ಲಿ, ಐಎಸ್‌ಒ 3200, ಎಲ್ಲವೂ ಕೈಯಿಂದಲೇ. ಬೆಳಕು ಕೆಂಪಾದಾಗ ಹೆಬ್ಬೆರಳಿನ ಚಕ್ರವನ್ನು ನಾಲ್ಕು ಹಲ್ಲು ಅತ್ತ ತಿರುಗಿಸಿ ಐಎಸ್‌ಒ ಇಳಿಸುವುದು, ನೀಲಿಯಾದಾಗ ಮೂರು ಹಲ್ಲು ಇತ್ತ ತಿರುಗಿಸಿ ಏರಿಸುವುದು. ಮನೆಯಲ್ಲಿ ತಂಗಿ ಬಣ್ಣದ ಗುಂಡಿಗಳನ್ನು ಮನಬಂದಂತೆ ಒತ್ತುತ್ತಿದ್ದಾಗ ಇದನ್ನು ಕತ್ತಲೆಯಲ್ಲಿ ಎಷ್ಟು ಸಲ ಮಾಡಿದ್ದೆನೆಂದರೆ ಅಲ್ಲಿ ಯೋಚಿಸುವ ಅಗತ್ಯ ಬೀಳಲಿಲ್ಲ. ಕಣ್ಣು ಪೂರ್ತಿಯಾಗಿ ನುಡಿಸುವವರ ಮೇಲೆಯೇ ಇತ್ತು.

210 ಚಿತ್ರ ತೆಗೆದೆ. ಮುಖ ಮುದ್ದೆಯಾದದ್ದು ಹನ್ನೊಂದರಲ್ಲಿ, ಎಲ್ಲವೂ ಕೆಂಪಿನಿಂದ ಬಿಳಿಗೆ ಹಾರಿದ ಕ್ಷಣದವು. ಮೂರನೆಯ ಹಾಡಿನ ನಡುವೆ ಗತಿ ಅರ್ಧಕ್ಕೆ ಇಳಿದಾಗ ಬಾಸ್ ನುಡಿಸುತ್ತಿದ್ದವರು ಮಂಡಿಯವರೆಗೆ ಬಾಗಿ ತಲೆ ಬೀಸತೊಡಗಿದರು. ಕಾಲಿನಲ್ಲಿ ಪೆಟ್ಟು ಹಿಡಿದು, ಹುಸಿಗೆ ಮುನ್ನ ಒತ್ತಿದೆ. ಕೆನ್ನೆಯ ಮೇಲಿನ ಬೆವರಿನ ಹನಿ ಎಣಿಸುವಷ್ಟು ಚೂಪಾಗಿದೆ, ಕೂದಲು ಚೌಕಟ್ಟಿನ ಆಚೆಗೂ ಹಾರಿದೆ, ಕೆಂಪಿನಲ್ಲಿ ಮೂಗಿನ ನೆರಳು ಉಳಿದಿದೆ. ಆ ಚಿತ್ರವನ್ನು ಅವರಿಗೆ ಕಳಿಸಿದೆ.

ನಾಲ್ಕನೆಯ ಡಬ್ಬದ ಪಟ್ಟಿಯ ಕೊನೆಯ ತುದಿ ಮಂದವಾಗುತ್ತಿದೆ. ಅದಕ್ಕೆ ಎರಡೂ ಕಡೆಯಿಂದ ವಿದ್ಯುತ್ ಕೊಡುವ ತಂತಿ ಎಳೆಯಬೇಕು. ಡ್ರಮ್ ನುಡಿಸುವವರ ಕೈಯ ವೇಗಕ್ಕೆ ವೈಪರ್ ಮೋಟರ್ ಸಾಲದು, ಹೊಲಿಗೆ ಯಂತ್ರದ ಹಳೆಯ ಮೋಟರೊಂದನ್ನು ಗುಜರಿಯಿಂದ ತಂದಿಟ್ಟಿದ್ದೇನೆ. ಅದಕ್ಕೆ ಕೋಲು ಕಟ್ಟುವ ಕೆಲಸ ಈ ಭಾನುವಾರ.